ಆನೆ ಒಲ್ಲೆ ಎಂದಾಗ

ನಮ್ಮೂರು ಕಾನಹೊಸಹಳ್ಳಿ. ಹೆಸರಿನ ಮೊದಲೆರಡು ಅಕ್ಷರಗಳನ್ನು ಕಂಡು, ಅಲ್ಲೊಂದು ಕಾನನವಿದ್ದೀತೆಂದು ಯಾರಾದರೂ ಭಾವಿಸಿದರೆ ತಪ್ಪು ಅವರದಲ್ಲ. ಕೂಡ್ಲಿಗಿ ತಾಲ್ಲೂಕಿನ ಬಿಸಿಲಿನಲ್ಲಿ ಬೆಳೆದ ನಮಗೆ ಕಾಡೆಂದರೆ ಜಾಲಿ, ಕಾರೆ, ಕಳ್ಳಿ ಮತ್ತು ಬಂಡೆ. ಗುಡೇಕೋಟೆಯ ಕಡೆಗೆ ಹೋದರೆ ಕರಡಿಯ ಭಯ. ಆನೆ ಮಾತ್ರ ನಮ್ಮ ಸೀಮೆಯ ಪ್ರಾಣಿಯಲ್ಲ. ಅದು ನಮ್ಮೂರಿಗೆ ಬರುತ್ತಿದ್ದುದು ಟಾರು ರಸ್ತೆಯ ಮೇಲೆ ನಡೆದುಕೊಂಡು, ಹಣೆಗೆ ವಿಭೂತಿ ಬಳಿಸಿಕೊಂಡು, ಭಿಕ್ಷೆಗೆ.

ಇಂಥ ಊರಿನಲ್ಲಿ ಹುಟ್ಟಿ, ಮೂವತ್ತು ವರ್ಷ ಮೇಷ್ಟರಿಕೆ ಮಾಡಿ, ಈಗ ಬೆಂಗಳೂರಿನ ಮಗನ ಮನೆಯಲ್ಲಿ ಪತ್ರಿಕೆ ಓದುತ್ತ ಕುಳಿತಿರುವ ನಾನು ಕಾವೇರಿಯ ದಡದ ಒಂದು ರೆಸಾರ್ಟಿನಲ್ಲಿ ಎರಡು ರಾತ್ರಿ ಕಳೆದು ಬಂದೆನೆಂದರೆ, ಅದು ನನ್ನ ಸಾಹಸವಲ್ಲ. ಮಗನ ಸಂಬಳದ ಸಾಹಸ. ಎರಡು ರಾತ್ರಿಗೆ ಎಷ್ಟಾಯಿತೆಂದು ಕೇಳಿದೆ. ಅವನು ಹೇಳಲಿಲ್ಲ. ಸೊಸೆ ಹೇಳಿದಳು. ಕೇಳಬಾರದಿತ್ತು ಎನಿಸಿತು.

ಆ ರೆಸಾರ್ಟಿನವರು ನಮ್ಮ ಕೋಣೆಯನ್ನು ‘ಗುಡಿಸಲು’ ಎಂದು ಕರೆಯುತ್ತಿದ್ದರು. ಗುಡಿಸಲಿಗೆ ಹುಲ್ಲಿನ ಮಾಡು ಇತ್ತು, ನಿಜ. ಅದರ ಕೆಳಗೆ ತಂಪು ಹವೆಯ ಯಂತ್ರ, ಗಾಜಿನ ಗೋಡೆ, ನಾಲ್ವರು ಮಲಗಬಹುದಾದ ಹಾಸಿಗೆ, ಮತ್ತು ಬಚ್ಚಲಿನಲ್ಲಿ ಒಂದು ಬಿಳಿಯ ತೊಟ್ಟಿ. ಆ ತೊಟ್ಟಿ ತುಂಬುವ ನೀರಿನಲ್ಲಿ ನಮ್ಮೂರಿನ ಒಂದು ಮನೆ ಬೇಸಿಗೆಯ ನಾಲ್ಕು ದಿನ ಕಳೆದೀತು. ನಾನು ಬಕೆಟ್ಟು ಕೇಳಿ ತರಿಸಿಕೊಂಡೆ.

ಮೇಜಿನ ಮೇಲೆ ಒಂದು ಚಂದದ ಕಾಗದವಿತ್ತು. ಒಂಬತ್ತು ವರ್ಷದ ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿದಳು. ನಾಳೆ ಬೆಳಿಗ್ಗೆ ಆನೆಗಳ ‘ನೈತಿಕ ಭೇಟಿ’, ಸವಾರಿ ಇಲ್ಲ, ಎರಡು ಕಾಲಿನ ಮೇಲೆ ನಿಲ್ಲಿಸುವಂಥ ಆಟಗಳಿಲ್ಲ, ಆನೆ ನೋಡುವುದು, ಕಾವಾಡಿಗಳು ಹೇಳಿದಂತೆ ತಿನ್ನಿಸುವುದು, ಅಷ್ಟೆ.

“ತಾತ, ನೈತಿಕ ಅಂದರೆ ಏನು?”

ಮೂವತ್ತು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದವನು ನಾನು. “ಒಳ್ಳೆಯ ರೀತಿ” ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. “ಯಾರಿಗೆ ಒಳ್ಳೆಯದು?” ಎಂದಳು. ಮಲಗು, ಹೊತ್ತಾಯಿತು ಎಂದೆ. ಉತ್ತರ ತಿಳಿಯದ ಮೇಷ್ಟರು ಗಂಟೆ ಹೊಡೆಯಿತು ಎನ್ನುವುದು ಹಳೆಯ ಪದ್ಧತಿ.

ಬೆಳಿಗ್ಗೆ ದುಬಾರೆಗೆ ಹೋದೆವು. ಕುಶಾಲನಗರಕ್ಕೆ ಸಮೀಪದಲ್ಲಿ, ಹೊಳೆಯ ಆಚೆ ದಡದಲ್ಲಿ, ಅರಣ್ಯ ಇಲಾಖೆಯ ಆನೆಶಿಬಿರವಿದೆ. ದೋಣಿಯಲ್ಲಿ ದಾಟಿದಾಗ ಆನೆಗಳು ನೀರಿನಲ್ಲಿ ಮಗ್ಗುಲಾಗಿ ಮಲಗಿದ್ದವು. ಕಾವಾಡಿಗಳು ಅವುಗಳ ಮೇಲೆ ಹತ್ತಿ, ತಿಕ್ಕಿ ತೊಳೆಯುತ್ತಿದ್ದರು. ಸೊಂಡಿಲಿನ ತುದಿ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ಅಷ್ಟು ದೊಡ್ಡ ಪ್ರಾಣಿ ಅಷ್ಟು ನಿಶ್ಚಿಂತೆಯಿಂದ ಮಲಗಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅಲ್ಲಿಯ ಒಬ್ಬ ಹಿರಿಯ ಕಾವಾಡಿಯೊಡನೆ ಮಾತಿಗೆ ಕುಳಿತೆ. ಜೇನುಕುರುಬರವನು, ಅವನ ಅಪ್ಪನೂ ಇದೇ ಕೆಲಸದಲ್ಲಿದ್ದವನಂತೆ. ಹಿಂದೆ ಕಾಕನಕೋಟೆಯ ಕಡೆ ಖೆಡ್ಡಾ ಎಂದು ನಡೆಯುತ್ತಿತ್ತಲ್ಲ, ಹಿಂಡುಹಿಂಡಾಗಿ ಆನೆಗಳನ್ನು ಹೊಳೆ ದಾಟಿಸಿ ದೊಡ್ಡಿಗೆ ತುಂಬುವುದು, ಅದು 1971ಕ್ಕೆ ಮುಗಿಯಿತು. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಈಗ ಆನೆ ಹಿಡಿಯುವುದು ಬೇರೆ ಕಾರಣಕ್ಕೆ. 2023ರ ಗಣತಿಯಲ್ಲಿ ನಮ್ಮ ರಾಜ್ಯದ ಕಾಡಾನೆಗಳ ಸಂಖ್ಯೆ 6,395 ಎಂದು ಅಂದಾಜಾಯಿತು; ದೇಶದ ಬೇರಾವ ರಾಜ್ಯದಲ್ಲಿಯೂ ಇಷ್ಟಿಲ್ಲ. ಒಂದು ಆನೆಗೆ ದಿನಕ್ಕೆ ನೂರೈವತ್ತು ಕಿಲೋ ಮೇವಾದರೂ ಬೇಕು. ಕಾಡಿನ ಅಂಚಿಗೆ ಕಾಫಿ, ಬತ್ತ, ಬಾಳೆ ಬಂದು ಮುಟ್ಟಿವೆ. ಬೆಳೆ ತಿಂದ ಆನೆಯನ್ನು, ಮನುಷ್ಯರನ್ನು ಕೊಂದ ಆನೆಯನ್ನು ಅರಿವಳಿಕೆ ಮದ್ದು ಹೊಡೆದು ಹಿಡಿಯುತ್ತಾರೆ. ಕ್ರಾಲ್ ಎಂಬ ದಪ್ಪ ದಿಮ್ಮಿಗಳ ದೊಡ್ಡಿಯಲ್ಲಿ ತಿಂಗಳುಗಟ್ಟಲೆ ಇಟ್ಟು ಪಳಗಿಸುತ್ತಾರೆ. ಹಾಗೆ ಪಳಗಿದವೇ ಮುಂದೆ ಮೈಸೂರಿನ ದಸರೆಗೆ ಹೋಗುತ್ತವೆ. ಇನ್ನೊಂದು ಕಾಡಾನೆಯನ್ನು ಹಿಡಿಯಲೂ ಹೋಗುತ್ತವೆ. ಪ್ರಪಂಚದಲ್ಲಿ ಇದಕ್ಕಿಂತ ವಿಚಿತ್ರವಾದ ನೌಕರಿ ಇನ್ನೊಂದಿರಲಾರದು.

“ರಾತ್ರಿ ಎಲ್ಲಿ ಕಟ್ಟುತ್ತೀರಿ?” ಎಂದೆ.

“ಕಟ್ಟುವುದಿಲ್ಲ ಸ್ವಾಮಿ. ಕಾಡಿಗೆ ಬಿಡುತ್ತೇವೆ. ಕಾಲಿಗೆ ಉದ್ದನೆಯ ಸರಪಳಿ ಇರುತ್ತದೆ. ಅದನ್ನು ಎಳೆದುಕೊಂಡು ಮೇಯುತ್ತವೆ. ಬೆಳಿಗ್ಗೆ ನೆಲದ ಮೇಲೆ ಸರಪಳಿಯ ಗೆರೆ ಹಿಡಿದು ಹೋಗಿ ಕರೆದುಕೊಂಡು ಬರುತ್ತೇವೆ.”

ನೆಲದ ಮೇಲೆ ಆ ಗೆರೆ ನಮಗೂ ಕಂಡಿತು. ಒಣಗಿದ ಎಲೆಗಳ ನಡುವೆ, ಧೂಳಿನಲ್ಲಿ, ಹಾವು ಹರಿದಂತೆ ಕಾಡಿನಿಂದ ಹೊರಗೆ ಬಂದಿತ್ತು. ಮೊಮ್ಮಗಳು ಅದರ ಪಕ್ಕದಲ್ಲಿ, ಅದನ್ನು ತುಳಿಯದೆ ನಡೆದಳು.

ಆಮೇಲೆ ತಿನ್ನಿಸುವ ಹೊತ್ತು. ರಾಗಿಯ ಮುದ್ದೆಗೆ ಬೆಲ್ಲ ಸೇರಿಸಿ ಮಾಡಿದ ಉಂಡೆ. ಸಾಲಿನಲ್ಲಿ ಹತ್ತಿಪ್ಪತ್ತು ಮಂದಿ, ಎಲ್ಲರ ಕೈಯಲ್ಲಿ ಫೋನು. ನಮ್ಮ ಹುಡುಗಿಯ ಸರದಿ ಬಂತು. ಎದುರಿಗೆ ಒಂದು ವಯಸ್ಸಾದ ಹೆಣ್ಣಾನೆ. ಹುಡುಗಿ ಕೈ ಚಾಚಿದಳು. ಆನೆ ಸೊಂಡಿಲನ್ನು ತಂದು ಉಂಡೆಯನ್ನು ಮೂಸಿತು. ಮತ್ತೆ ಸೊಂಡಿಲನ್ನು ಒಳಕ್ಕೆ ಸುತ್ತಿಕೊಂಡಿತು. ಆಮೇಲೆ ನಿಧಾನವಾಗಿ, ಬಂಡಿ ತಿರುಗಿದಂತೆ ತಿರುಗಿ, ನಮಗೆಲ್ಲ ಬೆನ್ನು ಹಾಕಿ ನಿಂತಿತು.

ಮಗ ಫೋಟೋ ಹಿಡಿಯಲು ಸಿದ್ಧನಾಗಿದ್ದವನು, “ಒಂದು ಸಲ ಈ ಕಡೆ ತಿರುಗಿಸಬಹುದಲ್ಲ?” ಎಂದ. ಅವನೊಬ್ಬನೇ ಅಲ್ಲ, ಸಾಲಿನಲ್ಲಿ ಇನ್ನೂ ಇಬ್ಬರು ಹಾಗೆಯೇ ಅಂದರು. ಕಾವಾಡಿ ಕೋಲನ್ನು ಎತ್ತಲಿಲ್ಲ. “ಅದಕ್ಕೆ ಬೇಡವಂತೆ. ಬಿಡಿ” ಎಂದ. ಅಷ್ಟೆ. ಬೇರೆ ಆನೆಯ ಕಡೆಗೆ ಸಾಲು ಸರಿಯಿತು.

ನಾನು ಮಾತ್ರ ಅಲ್ಲಿಯೇ ನಿಂತುಬಿಟ್ಟೆ. ‘ಅದಕ್ಕೆ ಬೇಡವಂತೆ’ ಎಂಬ ಈ ಮಾತನ್ನು ನಾನು ಇನ್ನೊಮ್ಮೆ ಕೇಳಿದ್ದೆ, ಅರವತ್ತು ವರ್ಷಗಳ ಹಿಂದೆ, ನಮ್ಮೂರ ಭಾಷೆಯಲ್ಲಿ.

ಆಗ ನನಗೆ ಎಂಟು ವರ್ಷ. ಬೇಸಿಗೆಯ ದಿನ. ರಸ್ತೆಯ ಟಾರು ಕರಗಿ ಕಾಲಿಗೆ ಅಂಟುತ್ತಿತ್ತು. ಬೇವಿನ ಮರದ ನೆರಳಿನಲ್ಲಿ ಭಿಕ್ಷೆಯ ಆನೆ ನಿಂತಿತ್ತು; ಒಂದೊಂದೇ ಕಾಲನ್ನು ಎತ್ತಿ ಎತ್ತಿ ಇಡುತ್ತಿತ್ತು. ಕುಣಿಯುತ್ತಿದೆ ಎಂದು ನಾವು ಹುಡುಗರು ಕೇಕೆ ಹಾಕಿದೆವು. ಮಾವುತ ನಾಲ್ಕಾಣೆಗೆ ಮಕ್ಕಳನ್ನು ಕೂರಿಸಿಕೊಂಡು ಓಣಿಯ ಕೊನೆಯವರೆಗೆ ಒಯ್ಯುತ್ತಿದ್ದ. ನಾನು ಅವ್ವನ ಸೆರಗು ಹಿಡಿದು ನಾಲ್ಕಾಣೆ ಕಿತ್ತುಕೊಂಡೆ. ಮಾವುತ ಆನೆಗೆ ಕೂರಲು ಹೇಳಿದ. ಅದು ಕೂರಲಿಲ್ಲ, ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಅವ್ವ, “ಅದು ಒಲ್ಲೆ ಅನ್ನಾಕತೈತಿ, ಬ್ಯಾಡ ಬಾರೋ” ಎಂದಳು. ನಾನು ನೆಲದ ಮೇಲೆ ಬಿದ್ದು ಅತ್ತೆ. ಮಾವುತ ಅಂಕುಶವನ್ನು ಕಿವಿಯ ಹಿಂದೆ ಊರಿದ. ಆನೆ ಕೂತಿತು. ನಾನು ಹತ್ತಿದೆ, ಓಣಿಯ ಕೊನೆಯವರೆಗೆ ರಾಜನಂತೆ ಹೋದೆ. ಇಳಿದಾಗ ಮೊಣಕಾಲಿನ ಮೇಲೆ ರಕ್ತದ ಕಲೆ ಇತ್ತು. ಗಾಯ ಹುಡುಕಿದೆ; ನನಗೆ ಗಾಯವಾಗಿರಲಿಲ್ಲ. ಅವ್ವ ಏನೂ ಹೇಳದೆ ಬಾನಿಯ ನೀರಿನಿಂದ ತೊಳೆದಳು. ಅವಳು ಬೈದಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ.

ಆ ಸಂಜೆ ರೆಸಾರ್ಟಿನ ಹೊರಗೆ ಕುಳಿತು ಇದನ್ನು ಮೊಮ್ಮಗಳಿಗೆ ಹೇಳಿದೆ. ಮಗನಿಗೂ ಅದುವರೆಗೆ ಹೇಳಿರಲಿಲ್ಲ. ಜೊತೆಗೆ ಇನ್ನೊಂದು ಕಥೆಯನ್ನೂ ಹೇಳಿದೆ, ನಮ್ಮ ಪಕ್ಕದ ಹಂಪಿಯದು. ಹನ್ನೊಂದು ಗುಮ್ಮಟಗಳ ಗಜಶಾಲೆಯನ್ನು ನೀವೂ ನೋಡಿರಬಹುದು. 1443ರಲ್ಲಿ ಪಾರಸೀಕದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದಿದ್ದ. ಅರಮನೆಯ ಆನೆಗಳಿಗೆ ಕಿಚಡಿ ಬೇಯಿಸಿ, ಉಪ್ಪು ಸಕ್ಕರೆ ಹಾಕಿ, ಬೆಣ್ಣೆಯಲ್ಲಿ ಅದ್ದಿ, ಉಂಡೆ ಮಾಡಿ ಬಾಯಿಗಿಡುತ್ತಿದ್ದರೆಂದು ಅವನು ಬರೆದಿದ್ದಾನೆ. ಅದರಲ್ಲಿ ಯಾವುದೊಂದು ಕಡಿಮೆಯಾದರೂ ಆನೆ ಮಾವುತನ ಮೇಲೆರಗುತ್ತಿತ್ತಂತೆ. ರಾಜನು ಶಿಕ್ಷಿಸುತ್ತಿದ್ದುದು ಆನೆಯನ್ನಲ್ಲ, ಮಾವುತನನ್ನು. ಆ ರಾಜರು ಆನೆಗಳನ್ನು ಯುದ್ಧಕ್ಕೆ ನಡೆಸಿ ಕೊಲ್ಲಿಸಿದವರೂ ಹೌದು. ಆದರೂ ಊಟದ ಮಟ್ಟಿಗಾದರೂ ಆನೆಯ ದೂರನ್ನು ಕೇಳುವವರೊಬ್ಬರು ಇದ್ದರು.

ದುಬಾರೆಯ ಹೆಣ್ಣಾನೆಗೆ ಇರುವುದೂ ಪೂರ್ತಿ ಸ್ವಾತಂತ್ರ್ಯವೇನಲ್ಲ. ಅದರ ‘ಒಲ್ಲೆ’ ರಾಗಿಯ ಉಂಡೆಗೆ ನಡೆದೀತು, ಸರಪಳಿಗೆ ನಡೆಯದು. ಅದನ್ನು ಈಗ ಬಿಚ್ಚಿಬಿಟ್ಟರೆ ನಾಳೆ ಯಾರದೋ ಬತ್ತದ ಗದ್ದೆಗೆ ಹೋದೀತು. ಆ ಗದ್ದೆಯ ಯಜಮಾನನೂ ಒಲ್ಲೆ ಎನ್ನುತ್ತಾನೆ, ಅವನ ಮಾತನ್ನೂ ಕೇಳಬೇಕು. ಇದಕ್ಕೆ ಉತ್ತರ ನನ್ನಲ್ಲಿಲ್ಲ. ತಂಪು ಹವೆಯ ಗುಡಿಸಲಿನಲ್ಲಿ ಮಲಗಿದವನ ಬಾಯಲ್ಲಿ ಅಂಥ ಉತ್ತರ ಶೋಭಿಸುವುದೂ ಇಲ್ಲ. ಆದರೆ ಮೊಮ್ಮಗಳ ಪ್ರಶ್ನೆಗೆ ಮಾತ್ರ, ಗಂಟೆ ಹೊಡೆಯುವ ಮೊದಲು, ಒಂದು ಉತ್ತರ ಕೊಟ್ಟೆ: “ನೈತಿಕ ಅಂದರೆ, ನಾವು ದುಡ್ಡು ಕೊಟ್ಟ ಮೇಲೂ ಅದು ಒಲ್ಲೆ ಎನ್ನಬಹುದು, ನಾವು ಸುಮ್ಮನಿರಬೇಕು.”

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. “ನೀನು ಅತ್ತಿದ್ದಕ್ಕೇ ಅಲ್ಲವಾ ತಾತ, ಅದಕ್ಕೆ ಚುಚ್ಚಿದ್ದು?” ಎಂದಳು.

“ಹೌದು” ಎಂದೆ.

ಹಿಂದಿನ ತಿಂಗಳು ಊರಿಗೆ ಹೋಗಿದ್ದೆ. ಆ ಬೇವಿನ ಮರ ಈಗಿಲ್ಲ. ಆ ಜಾಗದಲ್ಲಿ ಒಂದು ಗೊಬ್ಬರದ ಅಂಗಡಿಯಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಚಪ್ಪಲಿ ಬಿಟ್ಟು ರಸ್ತೆಯ ಮೇಲೆ ಕಾಲಿಟ್ಟು ನೋಡಿದೆ. ಒಂದು ನಿಮಿಷ ನಿಲ್ಲಲಾಗಲಿಲ್ಲ. ಒಂದೊಂದೇ ಕಾಲನ್ನು ಎತ್ತಿ ಎತ್ತಿ ಇಟ್ಟೆ. ಅಂಗಡಿಯ ಹುಡುಗ ನೋಡಿ ನಕ್ಕ.