ಇಂದ್ರಜಾಲವೂ ಬಾಲಶಿಕ್ಷಣವೂ

ಮಕ್ಕಳು ಇಂದ್ರಜಾಲವನ್ನು ಕಲಿಯುವುದು ಯುಕ್ತವೇ ಎಂದು ಗೃಹಸ್ಥರಾದ ಮಿತ್ರರೊಬ್ಬರು ಈಚೆಗೆ ನಮ್ಮನ್ನು ಕೇಳಿದರು. ಅದರಿಂದ ವಂಚನೆಯ ಅಭ್ಯಾಸವಾದೀತೆಂಬುದು ಅವರ ಶಂಕೆ. ಶಂಕೆಯು ನಿರಾಧಾರವಾದುದಲ್ಲ, ಆದರೆ ನಮ್ಮ ಪೂರ್ವಿಕರು ಈ ವಿದ್ಯೆಯನ್ನು ತಿರಸ್ಕರಿಸಿದವರಲ್ಲ. ವಾತ್ಸ್ಯಾಯನನು ಎಣಿಸಿದ 64 ಕಲೆಗಳಲ್ಲಿ ಐಂದ್ರಜಾಲವೂ, ಹಸ್ತಲಾಘವವೆಂಬ ಕೈಚಳಕವೂ ಸೇರಿವೆ. ಶ್ರೀಹರ್ಷನ ರತ್ನಾವಳಿಯಲ್ಲಿ ಐಂದ್ರಜಾಲಿಕನು ಅಂತಃಪುರಕ್ಕೆ ಬೆಂಕಿ ಬಿದ್ದಂತೆ ತೋರಿಸುತ್ತಾನೆ. ಶಂಕರಾಚಾರ್ಯರು ಸೂತ್ರಭಾಷ್ಯದಲ್ಲಿ, ಕತ್ತಿ ಗುರಾಣಿಗಳನ್ನು ಹಿಡಿದು ಹಗ್ಗದ ಮೇಲೆ ಆಕಾಶಕ್ಕೇರುವಂತೆ ತೋರುವ ಮಾಯಾವಿಯ ದೃಷ್ಟಾಂತವನ್ನು ಕೊಟ್ಟು, ನಿಜವಾದ ಮಾಯಾವಿಯು ನೆಲದ ಮೇಲೆಯೇ ಇರುವನೆನ್ನುತ್ತಾರೆ. ಮೇಲೇರಿದವನನ್ನು ಎಲ್ಲರೂ ನೋಡುವರು. ನೆಲದಲ್ಲಿ ನಿಂತವನನ್ನು ಅರಸುವ ಕಣ್ಣು ಶಿಕ್ಷಣದಿಂದ ಬರತಕ್ಕದ್ದು.

ನಮ್ಮ ಬಾಲ್ಯದಲ್ಲಿ ಕೊಟ್ಟೂರಿನ ತೇರಿಗೂ, ಹಡಗಲಿ ಸೀಮೆಯ ಮೈಲಾರದ ಜಾತ್ರೆಗೂ ಬರುತ್ತಿದ್ದ ಗಾರುಡಿಗರ ಮುಂದೆ ನಾವು ಬಾಯ್ದೆರೆದು ನಿಂತದ್ದುಂಟು. ಈಗ ಆ ವಿದ್ಯೆಯು ಪಾಠಶಾಲೆಗೇ ಬಂದಿದೆ. ಕೊಟ್ಟೂರಿನಲ್ಲಿ ನಮ್ಮ ಪರಿಚಿತರ ಮನೆಯ ಬಾಲಿಕೆಯೊಬ್ಬಳು ಎಂಟನೆಯ ತರಗತಿಯ ಪ್ರಾಜೆಕ್ಟಿಗಾಗಿ ಕಣ್ಕಟ್ಟನ್ನೇ ಆರಿಸಿಕೊಂಡಳು. ಎರಡು ತಿಂಗಳು ಕನ್ನಡಿಯ ಮುಂದೆ ಕುಳಿತು, ಅಂಗೈಯಲ್ಲಿ ನಾಣ್ಯವನ್ನು ಅಡಗಿಸುವುದನ್ನು ಸಾಧಿಸಿದಳು. ನಾಣ್ಯವು ಬಲಗೈಯಲ್ಲಿದ್ದರೆ ಅವಳ ದೃಷ್ಟಿಯು ಎಡಗೈಯ ಮೇಲೆ; ಅವಳು ನೋಡಿದ ಕಡೆಗೇ ನೋಟಕರೂ ನೋಡುವರು. ಕೈಗಿಂತ ಕಣ್ಣೇ ಈ ಕಲೆಯ ಮೂಲವೆಂಬುದನ್ನು ಅವಳು ತಾನಾಗಿಯೇ ಕಂಡುಕೊಂಡಳು.

ಪ್ರದರ್ಶನದ ದಿನ ನಾವೂ ಹೋಗಿದ್ದೆವು. ನಾಣ್ಯವು ಮಾಯವಾದಾಗ ಮಕ್ಕಳು ನಕ್ಕರು. ಅನಂತರ ಅವಳು ನಿಂಬೆಹಣ್ಣನ್ನು ಕೊಯ್ಯಲು ಚೂರಿಯಂಚಿನಿಂದ ಕೆಂಪು ರಸವು ಸುರಿಯಿತು. ಸಭೆ ಸ್ತಬ್ಧವಾಯಿತು. ಹಿಂದೆ ಕುಳಿತಿದ್ದ ಮುದುಕಿಯೊಬ್ಬಳು ಎದ್ದು ಬಂದು, “ಯವ್ವಾ, ನಮ್ಮ ಮೊಮ್ಮಗಗ ನಾಕು ದಿನದಿಂದ ಜ್ವರ; ಈ ಹಣ್ಣು ನಿವಾಳಿಸಿ ಒಗಿ” ಎಂದು ಕೈಮುಗಿದಳು.

ಗುಟ್ಟನ್ನು ಬಿಡಬಾರದೆಂಬುದು ಗಾರುಡಿಗರ ಧರ್ಮ. ಬಾಲಿಕೆಯು ಕ್ಷಣಕಾಲ ತಡೆದಳು. ಬಳಿಕ ಹಣ್ಣನ್ನು ಕೆಳಗಿಟ್ಟು, ಚೂರಿಗೆ ದಾಸವಾಳದ ದಳಗಳನ್ನು ತಿಕ್ಕಿ ಒಣಗಿಸಿದ್ದಾಗಿಯೂ, ನಿಂಬೆಯ ಹುಳಿ ಸೋಕಿ ಆ ರಸವು ಕೆಂಪೇರಿತೆಂದೂ ತಿಳಿಸಿದಳು. ಮುದುಕಿಯು ನಂಬಲಿಲ್ಲ. ಆಗ ಹುಡುಗಿಯು ಅವಳ ಎಲೆಯಡಿಕೆಯ ಸಂಚಿಯಿಂದಲೇ ತುಸು ಸುಣ್ಣವನ್ನು ಬೇಡಿ, ಶಾಲೆಯ ಅಡಿಗೆಮನೆಯಿಂದ ಅರಿಸಿನವನ್ನು ತರಿಸಿ, ನೀರಿನಲ್ಲಿ ಕಲಸಿದಳು. ನೀರು ಕೆಂಪಾಯಿತು. “ಇದು ಆರತಿ ನೀರಲ್ಲೇನ!” ಎಂದು ಮುದುಕಿಯು ನಕ್ಕಳು. ಎಷ್ಟು ಮದುವೆಗಳಿಗೆ, ಎಷ್ಟು ತೊಟ್ಟಿಲುಗಳಿಗೆ ಅವಳೇ ಅದನ್ನು ಕಲಸಿರಲಿಲ್ಲ! ಅಂದು ಸಂಜೆಯೇ ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ದರು. ಗುಟ್ಟು ಹೊರಬಿದ್ದು ಆಟದ ಸೊಗಸು ಕೆಟ್ಟಿತೆಂದು ಸಹಪಾಠಿಗಳು ಮಾತ್ರ ಮುನಿದುಕೊಂಡರು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದಾಗ ನಾಡಿನಲ್ಲೆಲ್ಲ ಚರ್ಚೆಯೆದ್ದಿತು. ವಿದ್ವಾಂಸರ ಸಮಿತಿಯು ಕೈಗೊಂಡ ಕೆಲಸದ ಒಂದಂಶವನ್ನು ಈ ಬಾಲಿಕೆಯು ಸುಣ್ಣ ಅರಿಸಿನಗಳಿಂದ ಮಾಡಿದಳು. ಅದೂ ಯಾರ ಮನಸ್ಸನ್ನೂ ನೋಯಿಸದೆ, ಮುದುಕಿಗೆ ತಿಳಿದದ್ದನ್ನೇ ಅವಳಿಗೆ ನೆನಪಿಸಿ.

ಆದುದರಿಂದ ವಾಚಕರೇ, ಮಕ್ಕಳು ಈ ವಿದ್ಯೆಯನ್ನು ಕಲಿಯುವುದಕ್ಕೆ ನಮ್ಮ ಸಮ್ಮತಿಯುಂಟು. ಇತರರ ಕಣ್ಣು ಕಟ್ಟುವ ಬಗೆಯನ್ನು ಬಲ್ಲ ಮಗುವಿನ ಕಣ್ಣನ್ನು ಕಟ್ಟುವುದು ಸುಲಭವಲ್ಲ. ನಿಯಮವೊಂದೇ: ನೋಟಕರು ಬೆರಗಾಗಿರುವವರೆಗೆ ಗುಟ್ಟು ಗುಟ್ಟಾಗಿರಲಿ, ಯಾರಾದರೂ ಕೈಮುಗಿದರೆ ಆಟವನ್ನು ಆಗಲೇ ನಿಲ್ಲಿಸಬೇಕು.