ಮುತ್ತುಗ ಅರಳುವ ಹೊತ್ತಿಗೆ ಚಿಂಚೋಳಿ ಗುಡ್ಡ

ಬೆಂಗಳೂರಿನ ಐಟಿ ಆಫೀಸುಗಳಲ್ಲಿ ಶುಕ್ರವಾರ ಊಟದ ಹೊತ್ತಿಗೆ ಒಂದು ಪ್ರಶ್ನೆ ಖಾಯಂ: ‘ಈ ವಾರ ಯಾವ ಬೆಟ್ಟ?’ ಕುಮಾರ ಪರ್ವತ, ತಡಿಯಂಡಮೋಳ್, ಕುದುರೆಮುಖ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ... ಪಟ್ಟಿ ಉದ್ದ ಇದೆ. ‘ನಿಮ್ಮ ಕಡೆ ಯಾವ ಬೆಟ್ಟ ಇದೆ?’ ಅಂತ ಕೇಳಿದ್ರೆ ಮಾತ್ರ ಕಲಬುರಗಿಯವರಾದ ನಾವು ನಕ್ಕು ಸುಮ್ಮನಾಗ್ತೀವಿ. ನಮ್ಮ ಕಡೆ ಬಿಸಿಲಿದೆ, ತೊಗರಿ ಇದೆ, ಸಿಮೆಂಟ್ ಇದೆ. ಬೆಟ್ಟ?

ಅದೂ ಇದೆ. ತೆಲಂಗಾಣದ ಗಡಿಗೆ ಅಂಟಿಕೊಂಡ ಚಿಂಚೋಳಿಯಲ್ಲಿ. ಮುಗಿಲು ಮುಟ್ಟೋ ಶಿಖರಗಳಲ್ಲ. ನಮ್ಮ ಭಾಷೆಯಲ್ಲಿ ಗುಡ್ಡ. ಈ ವರ್ಷ ನಾವು ಐದು ಜನ ಗೆಳೆಯರು ಅಲ್ಲಿಗೇ ಹೋಗಿದ್ವಿ.

ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ನಮಗೆ ಸ್ವಂತ ಹೆಸರು ಇರಲಿಲ್ಲ. ಯಾವ ಊರೋ ಅದೇ ಹೆಸರು. ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ, ನಾನು ಚಿತ್ತಾಪುರ. ಕಾಲೇಜು ಮುಗಿದು ಎಂಟು ವರ್ಷ ಆಗ್ತಾ ಬಂತು, ಫೋನಿನಲ್ಲಿ ಇವತ್ತಿಗೂ ಅದೇ ಹೆಸರಲ್ಲಿ ಸೇವ್ ಆಗಿದ್ದೀವಿ. ನಾಲ್ವರು ಬೆಂಗಳೂರು, ಹೈದರಾಬಾದ್ ಅಂತ ಕೆಲಸ ಹಿಡಿದು ಹೋದೆವು. ಶಹಾಬಾದ್ ಮಾತ್ರ ಅಪ್ಪನ ಕಲ್ಲಿನ ಪಾಲಿಶ್ ಯೂನಿಟ್ ನೋಡಿಕೊಂಡು ಊರಲ್ಲೇ ಉಳಿದ.

ವರ್ಷಕ್ಕೊಮ್ಮೆ ಶಿವರಾತ್ರಿ ಆಸುಪಾಸಿನಲ್ಲಿ ಎಲ್ಲಾದರೂ ಬೆಟ್ಟ ಹತ್ತೋದು ನಮ್ಮ ರೂಢಿ. ಶಹಾಬಾದ್ ಮೂರು ವರ್ಷದಿಂದ ಬಂದಿರಲಿಲ್ಲ. ಒಂದು ಸಲ ಲೋಡಿಂಗ್, ಒಂದು ಸಲ ಅಪ್ಪನಿಗೆ ಆರಾಮಿಲ್ಲ. ಆಮೇಲಾಮೇಲೆ ಗ್ರೂಪಿನಲ್ಲಿ ಮೆಸೇಜಿಗೆ ಉತ್ತರಾನೂ ನಿಂತುಹೋಯ್ತು. ನೀಲಿ ಟಿಕ್ ಬೀಳುತ್ತೆ, ಅಷ್ಟೇ. ಈ ಸಲ ಸೇಡಂ ಒಂದೇ ಸಾಲು ಬರೆದ: ‘ಐದೂ ಮಂದಿ ಬರೂ ಹಂಗಿದ್ರ ಅಷ್ಟ ಹೋಗೂಣು. ಚಿಂಚೋಳಿ.’ ಐದು ನಿಮಿಷಕ್ಕೆ ಶಹಾಬಾದ್‌ನಿಂದ ಉತ್ತರ ಬಂತು: ‘ರೊಟ್ಟಿ ನಾ ತರ್ತೀನಿ.’

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದ ಮೂವರು ವಾಡಿ ಜಂಕ್ಷನ್‌ನಲ್ಲಿ ಇಳಿದಾಗ ಇನ್ನೂ ಕತ್ತಲು. ಶಹಾಬಾದ್ ಜೀಪು ತಂದು ನಿಂತಿದ್ದ, ಕೂದಲಲ್ಲಿ ಕಲ್ಲಿನ ಪುಡಿ ಹಾಗೇ ಇತ್ತು. ಹೈದರಾಬಾದಿನಲ್ಲಿರೋ ಚಿಂಚೋಳಿ ಹಿಂದಿನ ದಿನವೇ ಊರು ಸೇರಿದ್ದ.

ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಎಲ್ಲ ಸುಣ್ಣದ ಕಲ್ಲಿನ ನೆಲ. ಕೋಟ್ಯಂತರ ವರ್ಷದ ಹಿಂದೆ ಇಲ್ಲಿ ಸಮುದ್ರ ಇತ್ತು. ಅದರ ತಳದ ಕೆಸರು ಪದರ ಪದರವಾಗಿ ಗಟ್ಟಿಯಾಗಿ ಕಲ್ಲಾಯ್ತು. ಅದಕ್ಕೇ ಶಹಾಬಾದ್ ಕಲ್ಲು ಹಪ್ಪಳದ ಹಾಗೆ ಸಲೀಸಾಗಿ ಏಳೋದು. ಅದಕ್ಕೇ ಈ ಭಾಗದಲ್ಲಿ ಇಷ್ಟೊಂದು ಸಿಮೆಂಟ್ ಕಾರ್ಖಾನೆ. ನಮ್ಮೂರುಗಳಲ್ಲಿ ನೆಲ ಮೇಲಕ್ಕೆ ಏಳೋದಿಲ್ಲ, ಖಣಿಯಾಗಿ ಕೆಳಕ್ಕೆ ಇಳಿಯುತ್ತೆ.

ಸೇಡಂ ದಾಟಿ ಚಿಂಚೋಳಿ ಕಡೆ ಹೊರಳಿದರೆ ನೆಲದ ಬಣ್ಣ ಬದಲಾಗುತ್ತಾ ಹೋಗುತ್ತೆ. ಮೊದಲು ಕಪ್ಪು ಕಲ್ಲು. ಅದು ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ ತುಂಬ ಹರಿದ ಲಾವಾ. ಅದರ ಮೇಲೆ ಟೋಪಿ ಹಾಕಿದ ಹಾಗೆ ಕೆಂಪು ಜಂಬಿಟ್ಟಿಗೆ. ಇದನ್ನೆಲ್ಲ ನಮಗೆ ವಿವರಿಸಿದ್ದು ಗೂಗಲ್ ಅಲ್ಲ, ಶಹಾಬಾದ್. ಜೀಪು ನಿಲ್ಲಿಸಿ ಒಂದು ಕಲ್ಲು ಎತ್ತಿ ಇನ್ನೊಂದಕ್ಕೆ ಬಡಿದು, ‘ಪರ್ಸಿ ಆದ್ರ ಗಂಟಿ ಬಾರಿಸಿದಂಗ ದನಿ ಬರ್ತದ. ಇದು ಕೇಳು, ಮಬ್ಬು’ ಅಂದ. ಮೂರು ವರ್ಷದಲ್ಲಿ ಅವನು ನಮ್ಮ ಹತ್ರ ಆಡಿದ ಅತಿ ಉದ್ದದ ಮಾತು ಅದು.

ಚಿಂಚೋಳಿ ಅರಣ್ಯ 2011ರಲ್ಲಿ ವನ್ಯಜೀವಿಧಾಮ ಆಯ್ತು. ಸುಮಾರು 134 ಚದರ ಕಿ.ಮೀ. ವಿಸ್ತಾರ. ಒಣ ಪ್ರದೇಶದ ಕಾಡು. ತೋಳ, ಕತ್ತೆಕಿರುಬ, ನರಿ ಇವೆ ಅಂತಾರೆ. ನಮಗೆ ಕಂಡಿದ್ದು ನವಿಲು ಮತ್ತು ಮಂಗ. ಗೊಟ್ಟಂಗೊಟ್ಟ ಕಡೆ ಏರೋಕೆ ಶುರು ಮಾಡಿದಾಗ ಬೆಳಗಿನ ತಂಪು ಇನ್ನೂ ಇತ್ತು. ಶಿವರಾತ್ರಿ ಆದ ಮೇಲೆ ಹೋಳಿ ಹುಣ್ಣಿಮೆಗೆ ಮುಂಚಿನ ಈ ಎರಡು ವಾರ ನಮ್ಮ ಕಡೆ ಬಹಳ ಚಂದ. ಚಳಿ ಶಿವ ಶಿವ ಅಂತ ಹೋಗಿರುತ್ತೆ, ಬಿಸಿಲು ಇನ್ನೂ ಪೂರ್ತಿ ಬಂದಿರಲ್ಲ. ತೇಗ ಎಲೆ ಉದುರಿಸಿ ಬೋಳಾಗಿ ನಿಂತಿದೆ. ಆ ಬೂದು ಬಣ್ಣದ ನಡುವೆ ಒಂದೂ ಎಲೆ ಇಲ್ಲದ ಮುತ್ತುಗದ ಮರ, ಮೈತುಂಬ ಕೆಂಡದಂಥ ಹೂ. ಹಿಂದೆ ಹೋಳಿ ಬಣ್ಣ ಇದೇ ಹೂವಿನಿಂದ ಕುದಿಸಿ ತೆಗೀತಿದ್ರು. ಕಾಲಿಟ್ಟಲ್ಲೆಲ್ಲ ಒಣ ಎಲೆ ಚರಚರ. ಪಶ್ಚಿಮ ಘಟ್ಟದ ಮಂಜು, ಜಿಗಣೆ ಯಾವುದೂ ಇಲ್ಲ.

ದಾರಿಯ ತಾಂಡಾದಲ್ಲಿ ಲಂಬಾಣಿ ಅಜ್ಜಿಯೊಬ್ಬರು ತಂಬಿಗೆ ನೀರು ಕೊಟ್ಟರು. ‘ಎಲ್ಲಿಗಿ ಹೊಂಟೀರಿ ತಮ್ಮಾ?’ ‘ಗುಡ್ಡ ಏರ್ಲಾಕ, ಅವ್ವ.’ ‘ಕೆಲಸಾ ಏನೈತಿ ಮ್ಯಾಲ?’ ಏನೂ ಇಲ್ಲ ಅಂದ್ವಿ. ಅವರು ಜೋರಾಗಿ ನಕ್ಕರು. ಅವರ ಇಬ್ಬರು ಮಕ್ಕಳು ಕೆಲಸಕ್ಕಂತ ಮುಂಬೈಗೆ ಹೋಗಿದ್ದಾರಂತೆ. ‘ಬಿಸಲ ಏರೂದ್ರೊಳಗ ಇಳೀರಿ’ ಅಂತ ಬುದ್ಧಿ ಹೇಳಿ ಕಳಿಸಿದರು.

ಮೇಲೆ ನೆರಳು ನೋಡಿ ಕೂತು ಬುತ್ತಿ ಬಿಚ್ಚಿದ್ವಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಗಟ್ಟಿ ಮೊಸರು. ವಾಡಿ ಮೊಣಕಾಲು ತಿಕ್ಕಿಕೊಳ್ತಾ ಇದ್ದ. ಅವನನ್ನು ನೋಡಿ ಶಹಾಬಾದ್ ಹೇಳಿದ: ‘ನೀವು ಸುಟಿ ಸಿಕ್ರ ಗುಡ್ಡ ಏರ್ತೀರಿ, ನಾ ದಿನಾ ಖಣಿ ಇಳೀತೀನಿ. ಏರಿದ್ರೂ ಮೊಣಕಾಲೇ, ಇಳದ್ರೂ ಮೊಣಕಾಲೇ.’

ನಕ್ಕ ಮೇಲೆ ಮಾತು ತಾನಾಗಿ ಬಂತು. ಮನೆ ಕಟ್ಟೋರೆಲ್ಲ ಟೈಲ್ಸ್ ಕೇಳ್ತಾರೆ, ಪರ್ಸಿ ಹಾಸೋರು ಕಡಿಮೆ. ಎರಡು ಮಷೀನಿನಲ್ಲಿ ಒಂದು ಮಾರಿದ್ದಾನೆ. ಇನ್ನೊಂದನ್ನೂ ಮಾರಿ ಹೈದರಾಬಾದಿಗೆ ಹೋಗಬೇಕೋ, ಇನ್ನೊಂದು ವರ್ಷ ನೋಡಬೇಕೋ ಗೊತ್ತಾಗ್ತಿಲ್ಲ. ಅಪ್ಪ ಏನೂ ಹೇಳಲ್ಲ. ಸಂಜೆ ಆದ್ರೆ ಮಾತ್ರ ನಿಂತ ಮಷೀನಿಗೆ ಎಣ್ಣೆ ಹಾಕಿ ಬರ್ತಾರಂತೆ.

ಯಾರೂ ಮೋಟಿವೇಶನ್ ಭಾಷಣ ಮಾಡಲಿಲ್ಲ. ಸೇಡಂ ಫೋನಿನಲ್ಲಿ ಲೆಕ್ಕ ಬರೆಯೋಕೆ ಶುರು ಮಾಡಿದ: ಕರೆಂಟ್ ಬಿಲ್ಲು, ಕೂಲಿ, ಲಾರಿ ಬಾಡಿಗೆ, ಬಾಕಿ ಬರಬೇಕಾದ ದುಡ್ಡು. ಬೆಂಗಳೂರಿನ ಕೆಫೆ, ರೆಸಾರ್ಟುಗಳಲ್ಲಿ ಅಂಗಳಕ್ಕೆ ಒರಟು ಕಲ್ಲು ಹಾಕೋದು ಈಗ ಫ್ಯಾಷನ್. ಅದಕ್ಕೆ ಪಾಲಿಶ್ ಖರ್ಚೂ ಇಲ್ಲ ಅಂತ ವಾಡಿ ನೆನಪಿಸಿದ. ಶಹಾಬಾದ್ ಕೆಲವಕ್ಕೆ ಹೂಂ ಅಂದ, ಕೆಲವಕ್ಕೆ ‘ನಿಮಗ ತಿಳ್ಯಂಗಿಲ್ಲ ಬಿಡ್ರಲೇ’ ಅಂದ. ಕೆಳಗೆ 1973ರಲ್ಲಿ ಕಟ್ಟಿದ ಚಂದ್ರಂಪಳ್ಳಿ ಜಲಾಶಯದ ನೀರು ಬಿಸಿಲಿಗೆ ಹೊಳೀತಿತ್ತು. ಹೊರಡೋ ಮುಂಚೆ ಅವನೇ ಹೇಳಿದ: ‘ಯುಗಾದಿ ತನಕಾ ಮಷೀನ್ ಮಾರಂಗಿಲ್ಲ. ಮುಂದಿಂದು ಮುಂದ.’

ಯುಗಾದಿ ಬಂದು ಹೋಯ್ತು. ಮಷೀನ್ ಇನ್ನೂ ಇದೆ. ವ್ಯಾಪಾರ ಸುಧಾರಿಸಿದೆ ಅಂತೇನಿಲ್ಲ. ಗ್ರೂಪಿನಲ್ಲಿ ಮಾತ್ರ ಈಗ ಬೆಳಗ್ಗೆ ಮೊದಲ ಮೆಸೇಜು ಅವನದೇ, ಹೆಚ್ಚಾಗಿ ಬೈಗುಳ.

ನೀವೂ ಹೋಗೋದಿದ್ರೆ ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರ ಸರಿಯಾದ ಸಮಯ. ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಹೊರಡಿ. ತಲೆಗೆ ಮೂರು ಲೀಟರ್ ನೀರು ಇರಲಿ. ಹನ್ನೊಂದರ ಒಳಗೆ ಇಳಿದುಬಿಡಿ. ಒಣ ಎಲೆಯ ಕಾಡು, ಬೆಂಕಿಕಡ್ಡಿ ಗೀರೋದೇ ಬೇಡ. ಎತ್ತಿಪೋತ ಜಲಪಾತ ನೋಡೋ ಆಸೆ ಇದ್ರೆ ಮಳೆಗಾಲಕ್ಕೆ ಇನ್ನೊಂದು ಸಲ ಬನ್ನಿ. ಮತ್ತೆ, ಊರಲ್ಲೇ ಉಳಿದ ಗೆಳೆಯ ಯಾರಾದ್ರೂ ಇದ್ರೆ, ಬೆಟ್ಟ ಆರಿಸೋ ಕೆಲಸ ಈ ಸಲ ಅವನಿಗೇ ಬಿಡಿ.