ಕಡಲ್ ಹ್ಯಾಂಗಿತ್ತ್?

ನನ್ನ ತವರು ಅಮಾಸೆಬೈಲು. ಘಟ್ಟದ ಬುಡದ ಊರು. ಸುತ್ತ ಕಾಡು, ಅಡಿಕೆ ತೋಟ, ನಡುವೆ ಬೈಲು ಗದ್ದೆ. ಮದುವೆಯಾಗಿ ಬಂದದ್ದು ಮರವಂತೆಗೆ. ಇಲ್ಲಿ ಹೆದ್ದಾರಿಯ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಹಾಲಾಡಿ, ಕುಂದಾಪುರ ದಾಟಿ ಬಂದರೆ ತವರಿಗೂ ನಮಗೂ ದೂರ ಹೆಚ್ಚೇನಿಲ್ಲ. ಆದರೂ ಅಲ್ಲಿನ ಮಕ್ಕಳಿಗೆ ಕಡಲೆಂದರೆ ವರ್ಷಕ್ಕೊಮ್ಮೆ ಬರುವ ಹಬ್ಬ.

ಮಳೆಗಾಲದಲ್ಲಿ ಯಾರೂ ಏನೂ ಕೇಳುವುದಿಲ್ಲ. ಆಗಿನ ಕಡಲನ್ನು ಬಸ್ಸಿನ ಕಿಟಕಿಯಿಂದ ನೋಡಿದರೇ ಸಾಕು, ಹತ್ತಿರ ಹೋಗಬಾರದೆಂದು ಎರಡು ವರ್ಷದ ಮಗುವಿಗೂ ತಿಳಿಯುತ್ತದೆ. ಡಿಸೆಂಬರ್ ಬಂದು ಆಕಾಶ ತಿಳಿಯಾಗಿ, ಬೆಳಿಗ್ಗೆ ಸಣ್ಣ ಚಳಿ ಬಿದ್ದು, ನೀರು ನೀಲಿಯಾಯಿತೆಂದರೆ ತಮ್ಮನ ಫೋನ್ ಶುರು. “ಅಕ್ಕಾ, ಕಡಲ್ ಹ್ಯಾಂಗಿತ್ತ್? ಮಕ್ಳದ್ದ್ ಒಂದೇ ಹಟ.”

ಅಲ್ಲಿಂದ ಫೆಬ್ರವರಿ ಮುಗಿಯುವವರೆಗೆ ನಮ್ಮ ಕರಾವಳಿಗೆ ಶಾಂತ ಕಾಲ. ಮಳೆ ಇಲ್ಲ, ಬಿರುಗಾಳಿ ಇಲ್ಲ. ರಾತ್ರಿ ನೆಲ ಬೇಗ ತಣಿಯುವುದರಿಂದ ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ನೀರಿನ ಮೇಲ್ಮೈ ಇಸ್ತ್ರಿ ಹಾಕಿದ ಬಟ್ಟೆಯಂತೆ ನಯವಾಗುತ್ತದೆ. ಬಿಸಿಲೇರಿ ನೆಲ ಕಾದಮೇಲೆ ಗಾಳಿ ತಿರುಗಿ ಕಡಲಿನಿಂದ ದಡಕ್ಕೆ ಬೀಸತೊಡಗಿ, ಮಧ್ಯಾಹ್ನದ ಹೊತ್ತಿಗೆ ಸಣ್ಣ ಸಣ್ಣ ತೆರೆ ಏಳುತ್ತವೆ. ಸಂಜೆ ಮತ್ತೆ ಇಳಿಮುಖ. ಇಷ್ಟು ತಿಳಿದರೆ ತಮ್ಮನಿಗೆ “ಬೆಳಿಗ್ಗೆ ಬನ್ನಿ” ಎಂದು ಹೇಳಿ ಫೋನ್ ಇಡಬಹುದಿತ್ತು. ಆದರೆ ನನ್ನ ಮಾವ, ಅಂದರೆ ಗಂಡನ ತಂದೆ, ಹಾಗೆ ಹೇಳಲು ಬಿಡುವವರಾಗಿರಲಿಲ್ಲ.

ಮಾವ ಪ್ರಾಯದಲ್ಲಿ ಕೈರಂಪಣಿ ಬಲೆ ಎಳೆದವರು. ದಡದಲ್ಲಿ ನಿಂತು ಹತ್ತಾರು ಜನ ಸೇರಿ ಎಳೆಯುವ ಬಲೆ ಅದು. ನಾನು ಮದುವೆಯಾಗಿ ಬಂದ ವರ್ಷವೇ ಒಂದು ದಿನ ಕಡಲ ಬದಿಯಲ್ಲಿ ಕೂರಿಸಿಕೊಂಡು ಹೇಳಿದರು: “ಕಾಣ್ ಹೆಣೆ, ಆಕಾಶ ಕಂಡ್ ಕಡಲ್ ಹೇಳೂಕ್ ಆತಿಲ್ಲೆ. ಕೂತ್ಕೊಂಡ್ ತೆರೆ ಎಣ್ಸ್.”

ನಾನು ಎಣಿಸಿದೆ. ಹತ್ತು ನಿಮಿಷ ಬರೀ ಮೊಣಕಾಲೆತ್ತರದ ತೆರೆಗಳು. ಇದರಲ್ಲೇನಿದೆ ಅನ್ನಿಸಿತು. ಆಮೇಲೆ ಇದ್ದಕ್ಕಿದ್ದಂತೆ ನಾಲ್ಕೈದು ತೆರೆ, ಒಂದರ ಹಿಂದೆ ಒಂದು, ಸೊಂಟದೆತ್ತರಕ್ಕೆ ಎದ್ದು ಬಂದು, ಅಲ್ಲಿಯವರೆಗೆ ಒಣಗಿದ್ದ ಮರಳನ್ನೆಲ್ಲ ನೆನೆಸಿ ಹೋದವು. ಮತ್ತೆ ಮೊದಲಿನ ಮೌನ. ಗಾಳಿ ಎಳ್ಳಷ್ಟೂ ಇರಲಿಲ್ಲ. “ಇದ್ ಎಲ್ಲಿಂದ ಬಂತ್ ಮಾವ?” ಎಂದೆ. “ದೂರದ್ದ್” ಎಂದರು. ಅಷ್ಟೇ.

ಆ ‘ದೂರ’ ಎಷ್ಟು ದೂರವೆಂದು ತಿಳಿದದ್ದು ಬಹಳ ವರ್ಷಗಳ ನಂತರ, ಕಡಲಿನ ಮುನ್ಸೂಚನೆ ಮೊಬೈಲಿನಲ್ಲಿ ಸಿಗತೊಡಗಿದ ಮೇಲೆ. ಹೈದರಾಬಾದಿನಲ್ಲಿ ಇನ್‌ಕಾಯಿಸ್ ಎಂಬ ಸಂಸ್ಥೆಯಿದೆ. ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಎಂಬುದು ಪೂರ್ತಿ ಹೆಸರು. ಕಡಲಿನಲ್ಲಿ ತೇಲುವ ಉಪಕರಣಗಳಿಂದ, ಉಪಗ್ರಹಗಳಿಂದ ಬರುವ ಮಾಹಿತಿಯನ್ನು ಲೆಕ್ಕಹಾಕಿ ಮುಂದಿನ ದಿನಗಳಲ್ಲಿ ಅಲೆ ಹೇಗಿರುತ್ತದೆಂದು ಅದು ಹೇಳುತ್ತದೆ. ಮೀನುಗಾರರಿಗಾಗಿ ಮಾಡಿದ ವ್ಯವಸ್ಥೆಯಾದರೂ ಮಕ್ಕಳನ್ನು ಕಡಲಿಗೆ ಕರೆದೊಯ್ಯುವ ನನ್ನಂಥವರಿಗೂ ಅದು ಪಂಚಾಂಗವಿದ್ದ ಹಾಗೆ.

ಅದರಲ್ಲಿ ಎಲ್ಲರೂ ಮೊದಲು ನೋಡುವುದು ಅಲೆಯ ಎತ್ತರ. ಮುಕ್ಕಾಲು ಮೀಟರ್ ಎಂದಿದ್ದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಆ ಸಂಖ್ಯೆ ಎಲ್ಲಕ್ಕಿಂತ ದೊಡ್ಡ ಅಲೆಯದ್ದಲ್ಲ. ಬಂದ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಪಾಲನ್ನು ತೆಗೆದು, ಅವುಗಳ ಸರಾಸರಿ ಹಾಕಿದ್ದು. ಅಪರೂಪಕ್ಕೆ ಅದರ ಸುಮಾರು ಎರಡರಷ್ಟು ಎತ್ತರದ ಅಲೆಯೂ ಬರಬಹುದು.

ಎರಡನೆಯದು ಅಲೆಯ ಅವಧಿ. ಒಂದು ಅಲೆ ಬಂದು ಮುಂದಿನದು ಬರುವವರೆಗಿನ ಸೆಕೆಂಡುಗಳು. ನನ್ನ ಕಣ್ಣು ಮೊದಲು ಹೋಗುವುದು ಇಲ್ಲಿಗೆ. ನಾಲ್ಕೈದು ಸೆಕೆಂಡಾದರೆ ಅದು ಹತ್ತಿರದ ಗಾಳಿ ಎಬ್ಬಿಸಿದ ತೆರೆ; ಗಾಳಿ ನಿಂತರೆ ಅದೂ ನಿಲ್ಲುತ್ತದೆ. ಹದಿನಾಲ್ಕು, ಹದಿನಾರು ಸೆಕೆಂಡಾದರೆ ಅದು ಮಾವನ ‘ದೂರದ್ದು’. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ, ಅಂಟಾರ್ಕ್‌ಟಿಕದ ಕಡೆಯ ಚಳಿ ಕಡಲಿನಲ್ಲಿ ಬಿರುಗಾಳಿಯೆದ್ದಾಗ ಹುಟ್ಟುವ ಅಲೆಗಳು ದಿನಕ್ಕೆ ಸುಮಾರು 1,000 ಕಿ.ಮೀ. ಸಾಗುತ್ತ ಆರೇಳು ದಿನಗಳಲ್ಲಿ ನಮ್ಮ ದಡ ಮುಟ್ಟುತ್ತವೆ. ಇಲ್ಲಿ ತಣ್ಣಗೆ ಬಿಸಿಲು ಕಾಯುತ್ತ ಕುಳಿತಿರುವಾಗ, ಹೋದ ವಾರದ ಯಾವುದೋ ಬಿರುಗಾಳಿ ಕಾಲಬುಡಕ್ಕೆ ಬಂದಿರುತ್ತದೆ! ನಡು ಕಡಲಿನಲ್ಲಿ ಇವು ಕಾಣುವುದೇ ಇಲ್ಲ, ದೋಣಿ ಮೆಲ್ಲಗೆ ಏರಿ ಇಳಿಯುತ್ತದೆ ಅಷ್ಟೆ. ದಡದ ಹತ್ತಿರ ನೆಲ ಸಿಕ್ಕಾಗ ಎದ್ದು ನಿಲ್ಲುತ್ತವೆ. ಒಂದೊಂದು ಅಲೆಯೂ ಹೆಚ್ಚು ನೀರನ್ನು ಹೊತ್ತು ತರುವುದರಿಂದ ದಡಕ್ಕೆ ಬಹಳ ದೂರ ಏರುತ್ತದೆ, ಹಿಂದೆ ಹೋಗುವಾಗ ಅಷ್ಟೇ ಜೋರಾಗಿ ಎಳೆಯುತ್ತದೆ.

ಕೇರಳದ ಮೀನುಗಾರರು ಇದಕ್ಕೊಂದು ಹೆಸರಿಟ್ಟಿದ್ದಾರೆ: ಕಳ್ಳಕಡಲು. ಕನ್ನಡದವರಿಗೆ ಅರ್ಥ ಹೇಳಬೇಕಾಗಿಲ್ಲ. ಗಾಳಿ ಮಳೆಯ ಸುಳಿವು ಕೊಡದೆ ಕಳ್ಳನ ಹಾಗೆ ಬರುವ ಕಡಲು. 2012ರಲ್ಲಿ ಯುನೆಸ್ಕೊ ಕೂಡ ಈ ಮಾತನ್ನು ಒಪ್ಪಿಕೊಂಡಿತು. ಮಾರ್ಚ್‌ನಿಂದ ಮೇವರೆಗೆ, ಅಂದರೆ ಶಾಲೆಗೆ ಬೇಸಿಗೆ ರಜೆ ಸಿಗುವ ಹೊತ್ತಿಗೇ ಇದರ ಹಾವಳಿ ಹೆಚ್ಚು. 2024ರ ಮೇ ಮೊದಲ ವಾರ ಕನ್ಯಾಕುಮಾರಿ ಜಿಲ್ಲೆಯ ಕಡಲತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ತೀರಿಕೊಂಡರು. ಆ ದಿನಗಳಲ್ಲಿ ಕಳ್ಳಕಡಲಿನ ಎಚ್ಚರಿಕೆ ಹೊರಟಿತ್ತು. ಚಳಿಗಾಲಕ್ಕೂ ಪೂರ್ತಿ ರಜೆಯಿಲ್ಲ. ಪರ್ಶಿಯನ್ ಕೊಲ್ಲಿಯ ಕಡೆ ಬೀಸುವ ‘ಶಮಾಲ್’ ಎಂಬ ಗಾಳಿಯಿಂದ ಹುಟ್ಟಿದ ಅಲೆಗಳು ವಾಯವ್ಯ ದಿಕ್ಕಿನಿಂದ ಕೆಲವು ದಿನಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತವೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ತಮ್ಮ ನಗುತ್ತಿದ್ದ. “ಅಕ್ಕಾ, ನಮ್ ಮಕ್ಳ್ ಹೊಳೆಯಂಗೆ ಈಜುದ್ ಕಾಣ್. ಮೀನಿನ್ ಕಣೆಗೆ.” ನಿಜ. ಅಮಾಸೆಬೈಲಿನ ಕಡೆಯ ಮಕ್ಕಳು ಬೇಸಿಗೆಯಲ್ಲಿ ಹೊಳೆಯ ಮಡುವಿನಲ್ಲೇ ಬೆಳೆಯುತ್ತಾರೆ. ನನಗೆ ಹೆದರಿಕೆ ಹೆಚ್ಚುತ್ತಿದ್ದದ್ದೂ ಅದಕ್ಕೇ. ಹೊಳೆಯಲ್ಲಿ ನೀರು ಒಂದೇ ಕಡೆಗೆ ಹೋಗುತ್ತದೆ, ಎರಡೂ ಬದಿಗೆ ದಡ ಕಾಣುತ್ತದೆ. ಈಜು ಬಾರದವನು ಕಡಲಿನಲ್ಲಿ ಪಾದ ನೆನೆಸಿ ಹಿಂದೆ ಸರಿಯುತ್ತಾನೆ. ಹೊಳೆಯಲ್ಲಿ ಈಜಿ ಗೆದ್ದವನು ಮುಂದೆ ಹೋಗುತ್ತಾನೆ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಸುದ್ದಿ ಬಂತು. ಬೈಂದೂರು ದಾಟಿದರೆ ಅದು ನಮಗೆ ನೆರೆಯೂರಿದ್ದಂತೆ. ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ನೀರುಪಾಲಾಗಿದ್ದರು. ತಮ್ಮನ ದೊಡ್ಡ ಮಗಳು ಹೆಚ್ಚುಕಡಿಮೆ ಅವರದೇ ಪ್ರಾಯದವಳು. ಆ ರಾತ್ರಿ ತಮ್ಮ ಫೋನ್ ಮಾಡಿ, ಏನೂ ಮಾತಾಡದೆ ಬಹಳ ಹೊತ್ತು ಸುಮ್ಮನಿದ್ದ. ಮುಂದೆ ಅವನು ಹೊಳೆಯ ಮಾತು ಎತ್ತಿದ್ದಿಲ್ಲ.

ಆ ಮುಂದಿನ ತಿಂಗಳು ಮಕ್ಕಳು ಬಂದರು. ಭಾನುವಾರ, ತಿಳಿ ಆಕಾಶ, ತೆಂಗಿನ ಗರಿಯೂ ಅಲ್ಲಾಡದ ಬೆಳಗು. ಮುನ್ಸೂಚನೆಯಲ್ಲಿ ಎತ್ತರ ಕಡಿಮೆಯೇ ಇತ್ತು, ಅವಧಿ ಮಾತ್ರ ಹದಿನಾಲ್ಕು ಸೆಕೆಂಡು. “ಇವತ್ತ್ ಪಾದ ನೆನೆಸುಕ್ ಮಾತ್ರ” ಎಂದೆ. ಚಿಕ್ಕವನು ಮುಖ ಊದಿಸಿಕೊಂಡ. “ಅತ್ತೆ, ಕಡಲ್ ಸುಮ್ನೆ ಇತ್ತಲ್ದಾ?” ಎಂದು ಹುಡುಗಿ ಕೇಳಿದಳು. ಇಬ್ಬರನ್ನೂ ಮರಳಿನ ಮೇಲೆ ಕೂರಿಸಿ, ಗಡಿಯಾರ ಕೊಟ್ಟು, ಮಾವ ನನಗೆ ಕೊಟ್ಟ ಕೆಲಸವನ್ನೇ ಕೊಟ್ಟೆ: ಇಪ್ಪತ್ತು ನಿಮಿಷ ತೆರೆ ಎಣಿಸಿ.

ಎಣಿಸುವುದು ಮಕ್ಕಳಿಗೆ ಆಟವೇ. ಒಂದು ತೆರೆ ಒಡೆದಾಗ ಗಡಿಯಾರ ನೋಡಬೇಕು, ಅದರ ಮುಂದೆ ಹತ್ತು ತೆರೆ ಒಡೆಯುವವರೆಗೆ ಎಷ್ಟು ಸೆಕೆಂಡಾಯಿತೆಂದು ನೋಡಿ ಹತ್ತರಿಂದ ಭಾಗಿಸಬೇಕು. ಹುಡುಗಿಗೆ ಹದಿಮೂರೂವರೆ ಬಂತು. ಮೊಬೈಲಿನಲ್ಲಿದ್ದದ್ದಕ್ಕೂ ತನ್ನ ಲೆಕ್ಕಕ್ಕೂ ಹತ್ತಿರವಿದ್ದದ್ದು ಕಂಡು ಅವಳ ಕಣ್ಣರಳಿತು. ಅಷ್ಟರಲ್ಲಿ ದೊಡ್ಡ ತೆರೆಗಳ ಒಂದು ಸಾಲು ಬಂತು. ಚಿಕ್ಕವನು ಮುಂದೆ ಇಟ್ಟಿದ್ದ ಚಪ್ಪಲಿಗಳಲ್ಲಿ ಒಂದು ಹೋಯಿತು. ಅವನು ಅದರ ಹಿಂದೆ ಓಡಲು ಎದ್ದಾಗ ಅಂಗಿ ಹಿಡಿದದ್ದು ಅಕ್ಕನೇ, ನಾನಲ್ಲ.

ಆ ದಿನವೇ ಸೆಳೆತ ಗುರುತಿಸುವುದನ್ನೂ ತೋರಿಸಿದೆ. ಜನ ಇದನ್ನು ಸುಳಿ ಎನ್ನುತ್ತಾರೆ, ಆದರೆ ಅದು ತಿರುಗುವುದೂ ಇಲ್ಲ, ಕೆಳಗೆ ಎಳೆಯುವುದೂ ಇಲ್ಲ. ತೆರೆಗಳು ದಡಕ್ಕೆ ತಂದು ಹಾಕಿದ ನೀರು ವಾಪಸ್ಸು ಹೋಗಬೇಕಲ್ಲ? ಅದು ಮರಳುದಿಬ್ಬಗಳ ನಡುವಿನ ತಗ್ಗು ಹಿಡಿದು ಕಿರಿದಾದ ತೋಡಿನಂತೆ ಕಡಲಿನ ಕಡೆಗೆ ಹರಿಯುತ್ತದೆ. ಅಲ್ಲಿ ಆಳ ಹೆಚ್ಚಾದ್ದರಿಂದ ತೆರೆ ಒಡೆಯುವುದಿಲ್ಲ. ಎರಡು ಬದಿಗೆ ಬಿಳಿ ನೊರೆ, ನಡುವೆ ಸ್ವಲ್ಪ ಕಪ್ಪಗೆ, ಸಮತಟ್ಟಾದ ನೀರು. ಹೊಸಬರು “ಇಲ್ಲಿ ತೆರೆ ಇಲ್ಲ, ಇಲ್ಲೇ ಇಳಿಯೋಣ” ಎಂದು ಆರಿಸಿಕೊಳ್ಳುವುದು ಆ ಜಾಗವನ್ನೇ. ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನ ತಡೆಗೋಡೆಗಳ ಬದಿಯಲ್ಲೂ, ಹೊಳೆ ಕಡಲು ಸೇರುವ ಅಳಿವೆ ಬಾಯಲ್ಲೂ ಇಂಥ ಸೆಳೆತ ಇರುತ್ತದೆ. ಶಾಂತ ಕಾಲದಲ್ಲಿ, ಕಡಲಿನ ಅತಿ ಶಾಂತವಾದ ಜಾಗದ ಮೇಲೇ ಅನುಮಾನ ಇರಬೇಕು.

ಸಿಕ್ಕಿಕೊಂಡರೆ ದಡದ ಕಡೆಗೆ ಎದುರೀಜಬಾರದು. ಒಳ್ಳೆಯ ಈಜುಗಾರನ ರಟ್ಟೆಯೂ ಸೋಲುತ್ತದೆ. ಮೈ ಸಡಿಲಬಿಟ್ಟು ತೇಲಬೇಕು, ಕೈಯೆತ್ತಿ ಕರೆಯಬೇಕು, ಈಜಲಾಗುವುದಾದರೆ ದಡಕ್ಕೆ ಸಮಾನಾಂತರವಾಗಿ ಬದಿಗೆ ಈಜಿ ಆ ತೋಡಿನಿಂದ ಹೊರಬಂದು, ನೊರೆಯಿರುವ ಕಡೆಯಿಂದ ದಡಕ್ಕೆ ಬರಬೇಕು. ನೋಡುತ್ತಿರುವವರು ಹಿಂದೆಯೇ ಹಾರಬಾರದು. ಹಗ್ಗ, ಮುಚ್ಚಳ ಹಾಕಿದ ಖಾಲಿ ಕ್ಯಾನು, ತೇಲುವಂಥದ್ದು ಏನಾದರೂ ಎಸೆದು, ಜೀವರಕ್ಷಕರನ್ನು ಕೂಗಿ, 112ಕ್ಕೆ ಫೋನ್ ಮಾಡಬೇಕು.

ಇನ್ನೊಂದು ಲೆಕ್ಕ ಉಬ್ಬರ ಇಳಿತದ್ದು. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಸೂರ್ಯ, ಚಂದ್ರ ಎರಡೂ ಒಂದೇ ಗೆರೆಯಲ್ಲಿ ನಿಂತು ಎಳೆಯುವುದು ಇದಕ್ಕೆ ಕಾರಣ. “ನಿಮ್ಮೂರಿನ ಹೆಸರಿನಲ್ಲೇ ಅಮಾಸೆ ಇದೆ, ಇದನ್ನು ನೀವು ಮರೆಯಬಾರದು” ಎಂದರೆ ಮಕ್ಕಳಿಗೆ ನಗು. ಆದರೆ ಮರೆತಿಲ್ಲ. ಹುಡುಗಿಯ ಬಳಿ ಈಗೊಂದು ನೋಟ್‌ಬುಕ್ ಇದೆ. ಬರುವ ಹಿಂದಿನ ದಿನ ಅಮಾಸೆಬೈಲಿನಲ್ಲೇ ಕುಳಿತು ಎತ್ತರ, ಅವಧಿ, ಗಾಳಿ, ತಿಥಿ ಬರೆದುಕೊಳ್ಳುತ್ತಾಳೆ. ಇಲ್ಲಿ ಎಣಿಸಿ ಪಕ್ಕದಲ್ಲಿ ತನ್ನ ಲೆಕ್ಕ ಬರೆಯುತ್ತಾಳೆ.

ಕಡಲಿಗೆ ಬರಬೇಡಿ ಎಂದು ಹೇಳಲು ಇಷ್ಟೆಲ್ಲ ಬರೆಯಲಿಲ್ಲ. ಶಾಂತ ಕಾಲವೇ ಬರಲು ಸರಿಯಾದ ಕಾಲ. ಮೂಲ್ಕಿ, ಸಸಿಹಿತ್ಲಿನ ಕಡೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವವರು ಹೊಸಬರಿಗೆ ಕಲಿಸುವುದಕ್ಕೂ ಇಂಥ ಸಣ್ಣ, ನಯವಾದ ಅಲೆಯೇ ಬೇಕು. ಆದರೆ ಅವರೂ ಹಲಗೆ ನೀರಿಗಿಳಿಸುವ ಮೊದಲು ದಡದಲ್ಲಿ ನಿಂತು ನೋಡುತ್ತಾರೆ. ನೀವೂ ಬರುವ ಮೊದಲು ಮುನ್ಸೂಚನೆ ನೋಡಿ. ಬೆಳಿಗ್ಗೆ, ಗಾಳಿ ತಿರುಗುವ ಮೊದಲೇ ಬನ್ನಿ. ಅಲೆಯ ಅವಧಿ ಹೆಚ್ಚಿದ್ದರೆ ಪಾದ ನೆನೆಸಿ ಸಾಕು ಮಾಡಿ. ಕಡಿಮೆಯಿದ್ದರೂ ಜೀವರಕ್ಷಕರು ಇರುವಲ್ಲೇ ಇಳಿಯಿರಿ, ಕೆಂಪು ಬಾವುಟ ಕಂಡರೆ ಇಳಿಯಲೇಬೇಡಿ. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ದೊಡ್ಡವರೊಬ್ಬರು ಮೊಬೈಲು ಒಳಗಿಟ್ಟು ಅವರನ್ನೇ ನೋಡುತ್ತಿರಲಿ.

ನೀರಿಗಿಳಿಯದ ದಿನವೂ ಕಡಲು ಬರಿಗೈಯಲ್ಲಿ ಕಳಿಸುವುದಿಲ್ಲ. ಇಳಿತದ ಹೊತ್ತಿಗೆ ಒದ್ದೆ ಮರಳಿನ ಮೇಲೆ ಏಡಿಗಳು ಉಂಡೆ ಕಟ್ಟಿ ರಂಗೋಲಿ ಹಾಕಿರುತ್ತವೆ. ಚಿಪ್ಪು ಆರಿಸಬಹುದು. ಮೀನಿನ ದೋಣಿ ದಡಕ್ಕೆ ಬಂದರೆ ಬಲೆಯಲ್ಲಿ ಏನಿದೆ ನೋಡಬಹುದು. ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ ಚಿಕ್ಕವನಿಗೆ ಆ ಭಾನುವಾರ ಮಧ್ಯಾಹ್ನ ನಾನು ಬಂಗುಡೆ ಸಾರು ಮಾಡಿ ಹಾಕಿದೆ. ಎರಡು ಸಲ ಬಡಿಸಿಕೊಂಡು ಉಂಡ.